ಗೆರಟೆಯ ಇದ್ದಿಲು, ನಿಕ್ಕಲ್ ಪುಡಿ, ಪಡುಬಿದ್ರಿಯ ಹೊಗೆ

"ಅಲ್ಲ ಮಾರಾಯ್ತಿ, ಆ ಚಿಮಣಿಯ ಹೊಗೆಯಿಂದಲೇ ಅಡುಗೆ ಗ್ಯಾಸ್ ಮಾಡ್ಲಿಕ್ಕೆ ಆಗ್ತದಂತೆ, ಹೌದಾ?"

ಪಡುಬಿದ್ರಿಯ ನನ್ನ ಸೋದರಮಾವ ಫೋನಿನಲ್ಲಿ ಕೇಳಿದರು. ಅವರ ಅಂಗಳದಲ್ಲಿ ನಿಂತರೆ ಎಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿ ಕಾಣುತ್ತದೆ. ಯಾರೋ ಕಳಿಸಿದ ವಿಡಿಯೊ ನೋಡಿದ್ದರು. ಇಂಗಾಲದ ಮೇಲೆ ನಿಕ್ಕಲ್ ಕೂರಿಸಿದ ಒಂದು ಪುಡಿಯ ಮೂಲಕ ಇಂಗಾಲದ ಡೈಆಕ್ಸೈಡ್ ಹಾಯಿಸಿದರೆ ಅದು ಮೀಥೇನ್ ಆಗುತ್ತದೆ ಅಂತ ಅದರಲ್ಲಿ ಇತ್ತಂತೆ.

"ಆಗ್ತದೆ ಮಾವ" ಅಂದೆ.

"ಹಾಗಾದ್ರೆ ಮಾಡುದಿಲ್ಲ ಯಾಕೆ?"

ಮೊದಲ ಪ್ರಶ್ನೆಗೆ ಒಂದು ಮಾತು ಸಾಕಾಯಿತು. ಎರಡನೆಯದಕ್ಕೆ ಅರ್ಧ ಗಂಟೆ ಮಾತಾಡಿದರೂ ಮುಗಿಯಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಕಲಿಸುವವಳು ನಾನು. ಈ ವಿಷಯದಲ್ಲಿ ನನಗೆ ಆಸೆಯೂ ಉಂಟು, ಹೆದರಿಕೆಯೂ ಉಂಟು. ಆ ಪುಡಿಗೆ ಬೇಕಾದ ಇಂಗಾಲ ನಮ್ಮ ತೆಂಗಿನ ಗೆರಟೆಯಿಂದಲೇ, ಅಂದರೆ ಕಾಯಿಯ ಗಟ್ಟಿ ಚಿಪ್ಪಿನಿಂದಲೇ, ಸಿಗುತ್ತದೆ ಅನ್ನುವುದು ಆಸೆ. ಪುಡಿಯನ್ನು ಹೊಗಳುವ ಭರದಲ್ಲಿ ಹೈಡ್ರೋಜನ್ ಎಲ್ಲಿಂದ ಬರುತ್ತದೆ ಅಂತ ಕೇಳುವುದನ್ನೇ ನಾವು ಮರೆಯುತ್ತೇವೆ ಅನ್ನುವುದು ಹೆದರಿಕೆ.

ಮೊದಲು ಕ್ರಿಯೆ ಏನೆಂದು ನೋಡೋಣ. 1 ಅಣು ಇಂಗಾಲದ ಡೈಆಕ್ಸೈಡ್ ಜೊತೆ 4 ಅಣು ಹೈಡ್ರೋಜನ್ ಸೇರಿದರೆ 1 ಅಣು ಮೀಥೇನ್, 2 ಅಣು ನೀರು ಸಿಗುತ್ತದೆ. ತೂಕದ ಲೆಕ್ಕದಲ್ಲಿ 1 ಕೆಜಿ ಮೀಥೇನ್ ಬೇಕಾದರೆ 2.75 ಕೆಜಿ ಇಂಗಾಲದ ಡೈಆಕ್ಸೈಡ್, ಅರ್ಧ ಕೆಜಿ ಹೈಡ್ರೋಜನ್ ಬೇಕು. ಈ ಅರ್ಧ ಕೆಜಿಯನ್ನು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಿ. ಮುಂದೆ ಎಲ್ಲವೂ ಅದರ ಸುತ್ತಲೇ ತಿರುಗುತ್ತದೆ.

ಈ ಕ್ರಿಯೆ ಹೊಸದಲ್ಲ. ಫ್ರಾನ್ಸಿನ ತುಲೂಸ್‌ನಲ್ಲಿ ಪಾಲ್ ಸಬಾಟಿಯೆ ಮತ್ತು ಜಾನ್ ಬಾಪ್ಟಿಸ್ಟ್ ಸೆಂಡರೆನ್ಸ್ 1902ರಲ್ಲೇ ಇದನ್ನು ಮಾಡಿ ತೋರಿಸಿದ್ದರು. ಸಬಾಟಿಯೆಗೆ 1912ರಲ್ಲಿ ನೊಬೆಲ್ ಬಂತು. ನುಣ್ಣನೆ ಪುಡಿ ಮಾಡಿದ ಲೋಹಗಳ ಸಹಾಯದಿಂದ ಹೈಡ್ರೋಜನ್ ಸೇರಿಸುವ ವಿಧಾನಕ್ಕೆ ಆ ಬಹುಮಾನ. ನಮ್ಮ ಅಜ್ಜಿಯಂದಿರ ಕಾಲದ ವನಸ್ಪತಿ ಡಬ್ಬಿ ನೆನಪಿದೆಯಲ್ವಾ? ಎಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡುವ ಆ ಕೆಲಸ ಮಾಡುವುದೂ ನಿಕ್ಕಲ್ಲೇ.

ಅಷ್ಟೇ ಅಲ್ಲ. ಯೂರಿಯಾಕ್ಕೆ ಬೇಕಾದ ಅಮೋನಿಯಾ ತಯಾರಿಸುವ ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಒಂದು ಹಂತ ಇರುತ್ತದೆ. ಹೈಡ್ರೋಜನ್ ಜೊತೆ ಅಳಿದುಳಿದ ಕಾರ್ಬನ್ ಮೋನಾಕ್ಸೈಡ್, ಡೈಆಕ್ಸೈಡ್‌ಗಳನ್ನು ನಿಕ್ಕಲ್ ಮೇಲೆ ಹಾಯಿಸಿ ಮೀಥೇನ್ ಮಾಡಿಬಿಡುತ್ತಾರೆ. ಹಾಗೆ ಮಾಡದಿದ್ದರೆ ಮುಂದಿನ ಹಂತದ ವೇಗವರ್ಧಕ, ಅಂದರೆ ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕು ಮಾಡುವ ವಸ್ತು, ಕೆಡುತ್ತದೆ. ಮಂಗಳೂರಿನ ಪಣಂಬೂರಿನ ಕಡೆ ಗೊಬ್ಬರ ಕಾರ್ಖಾನೆ ನೋಡಿದವರಿಗೆ ಈ ರಸಾಯನ ದೂರದ್ದು ಅಂತ ಅನಿಸಬೇಕಾಗಿಲ್ಲ. ಬಾಹ್ಯಾಕಾಶ ನಿಲ್ದಾಣದಲ್ಲೂ 2010ರಿಂದ ಕೆಲವು ವರ್ಷ ಇದೇ ಕ್ರಿಯೆಯಿಂದ ಗಗನಯಾತ್ರಿಗಳ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಬಳಸಿ ನೀರು ಪಡೆದರು. ಅವರಿಗೆ ಬೇಕಿದ್ದದ್ದು ನೀರು. ಮೀಥೇನನ್ನು ಹೊರಗೆ ಬಿಟ್ಟರು.

ಹಾಗಾದರೆ ನೂರು ವರ್ಷ ದಾಟಿದ ಕ್ರಿಯೆಯ ಬಗ್ಗೆ ಈಗಲೂ ಸಂಶೋಧನೆ ಯಾಕೆ? ಯಾಕೆಂದರೆ ಇಂಗಾಲದ ಡೈಆಕ್ಸೈಡ್ ತುಂಬ ಹಟಮಾರಿ ಅಣು. ಉರಿದು ಮುಗಿದ ಮೇಲೆ ಉಳಿದ ಬೂದಿ ಇದ್ದ ಹಾಗೆ. ಅದನ್ನು ಮತ್ತೆ ಉರಿಯುವ ವಸ್ತುವಾಗಿ ಮಾಡಬೇಕು. ಕ್ರಿಯೆ ನಡೆಯುವಾಗ ಶಾಖ ಹೊರಬರುತ್ತದೆ. ಹಾಗಾಗಿ ತಣ್ಣಗಿದ್ದಷ್ಟೂ ಮೀಥೇನ್ ಜಾಸ್ತಿ ಸಿಗಬೇಕು. ಆದರೆ ತಣ್ಣಗಿದ್ದರೆ ಕ್ರಿಯೆ ನಡೆಯುವುದೇ ಇಲ್ಲ, ಅಣುಗಳು ಸುಮ್ನೆ ಹಾದು ಹೋಗುತ್ತವೆ. ಬಿಸಿ ಜಾಸ್ತಿ ಮಾಡಿದರೆ ಓಡುತ್ತದೆ, ಆದರೆ 500 ಡಿಗ್ರಿ ದಾಟುತ್ತಿದ್ದಂತೆ ಮೀಥೇನ್ ಬದಲು ಕಾರ್ಬನ್ ಮೋನಾಕ್ಸೈಡ್ ಹೆಚ್ಚತೊಡಗುತ್ತದೆ. ನಡುವಿನ ದಾರಿ 250ರಿಂದ 400 ಡಿಗ್ರಿ. ಅಲ್ಲಿ ಕೆಲಸ ಮಾಡಿಸಲು ವೇಗವರ್ಧಕ ಬೇಕು. ರುಥೇನಿಯಂ ಎಂಬ ಲೋಹ ಕಡಿಮೆ ಬಿಸಿಯಲ್ಲೂ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ತುಂಬ ದುಬಾರಿ. ನಿಕ್ಕಲ್ ಅಗ್ಗ, ಸಾಕಷ್ಟು ಸಿಗುತ್ತದೆ.

ನಿಕ್ಕಲನ್ನು ಹಾಗೇ ಗಟ್ಟಿಯಾಗಿ ಇಟ್ಟರೆ ಪ್ರಯೋಜನವಿಲ್ಲ. ಮೇಲ್ಮೈಯಲ್ಲಿರುವ ಪರಮಾಣುಗಳಿಗೆ ಮಾತ್ರ ಕೆಲಸ, ಒಳಗಿನವು ಸುಮ್ನೆ ಕೂತಿರುತ್ತವೆ. ಹಾಗಾಗಿ ಅದನ್ನು ಕೆಲವೇ ನ್ಯಾನೋಮೀಟರ್ ಗಾತ್ರದ ಕಣಗಳಾಗಿ ಮಾಡಿ ಬೇರೆ ಯಾವುದಾದರೂ ವಸ್ತುವಿನ ಮೇಲೆ ಹರಡಬೇಕು. ಕಣ ತೀರಾ ಸಣ್ಣದಾದರೂ ಕಷ್ಟ. ಒಂಟಿ ಪರಮಾಣುಗಳಾಗಿ ಚದುರಿಸಿದ ನಿಕ್ಕಲ್ ಹೆಚ್ಚಾಗಿ ಕಾರ್ಬನ್ ಮೋನಾಕ್ಸೈಡ್ ಮಾಡಿ ನಿಲ್ಲಿಸಿಬಿಡುತ್ತದೆ. ಒಂದು ಇಂಗಾಲಕ್ಕೆ ನಾಲ್ಕು ಹೈಡ್ರೋಜನ್ ಅಂಟಿಸಲು ಅಕ್ಕಪಕ್ಕ ಕೆಲವು ನಿಕ್ಕಲ್ ಪರಮಾಣುಗಳು ಸೇರಿಯೇ ದುಡಿಯಬೇಕು. ಹರಡುವ ಆ ಕೆಳಗಿನ ವಸ್ತುವನ್ನು ಆಧಾರ ಅನ್ನೋಣ. ಕಾರ್ಖಾನೆಗಳಲ್ಲಿ ಬಹಳ ಕಾಲದಿಂದ ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) ಆಧಾರವೇ ನಡೆದು ಬಂದಿದೆ.

ಇಲ್ಲಿಗೆ ಬರುತ್ತದೆ ನಮ್ಮ ಗೆರಟೆ.

ಕರಾವಳಿಯ ಮನೆಗಳಲ್ಲಿ ಗೆರಟೆ ಬಚ್ಚಲೊಲೆಗೆ ಹೋಗುತ್ತದೆ. ಅದರ ಕೆಂಡ ಇಸ್ತ್ರಿ ಪೆಟ್ಟಿಗೆಗೆ ಹೋಗುತ್ತಿತ್ತು. ಅದೇ ಗೆರಟೆಯನ್ನು ಗಾಳಿ ಕಡಿಮೆ ಮಾಡಿ ಸುಟ್ಟು ಇದ್ದಿಲು ಮಾಡಿ, ಆಮೇಲೆ 800ರಿಂದ 1000 ಡಿಗ್ರಿಯಲ್ಲಿ ನೀರಿನ ಹಬೆ ಹಾಯಿಸಿದರೆ ಆಕ್ಟಿವೇಟೆಡ್ ಕಾರ್ಬನ್ ಸಿಗುತ್ತದೆ. ಮನೆಯ ವಾಟರ್ ಫಿಲ್ಟರಿನಲ್ಲಿ ಇರುವುದು ಇದೇ. ಒಂದು ಗ್ರಾಂ ಪುಡಿಯೊಳಗಿನ ತೂತುಗಳ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 1000 ಚದರ ಮೀಟರ್ ಆಗುತ್ತದೆ, ಅಂದರೆ ಕಾಲು ಎಕರೆಯಷ್ಟು ಜಾಗ! ಅಷ್ಟು ಜಾಗದಲ್ಲಿ ನಿಕ್ಕಲ್ ಕಣಗಳನ್ನು ದೂರದೂರ ಕೂರಿಸಬಹುದು.

ಮಾಡುವ ವಿಧಾನ ಸರಳವಾಗಿಯೇ ಇದೆ. ನಿಕ್ಕಲ್ ನೈಟ್ರೇಟನ್ನು ನೀರಿನಲ್ಲಿ ಕರಗಿಸಿ, ಇದ್ದಿಲನ್ನು ಅದರಲ್ಲಿ ನೆನೆಸಿ, ಒಣಗಿಸಿ, ಬಿಸಿ ಮಾಡುತ್ತಾರೆ. ಅಲ್ಯುಮಿನಾ ಆದರೆ ಗಾಳಿಯಲ್ಲೇ ಬಿಸಿ ಮಾಡಬಹುದು. ಇದ್ದಿಲು ಗಾಳಿಯಲ್ಲಿ ಉರಿದು ಹೋಗುತ್ತದೆ, ಹಾಗಾಗಿ ನೈಟ್ರೋಜನ್ ಬೇಕು. ಇಲ್ಲಿ ಒಂದು ಚಂದದ ಸಂಗತಿ ಇದೆ. ಬಿಸಿ ಸಾಕಷ್ಟು ಏರಿದರೆ ಇದ್ದಿಲೇ ನಿಕ್ಕಲ್ ಆಕ್ಸೈಡಿನ ಆಕ್ಸಿಜನ್ ಕಿತ್ತುಕೊಂಡು ಅದನ್ನು ಲೋಹ ಮಾಡುತ್ತದೆ. ಕುಲುಮೆಯಲ್ಲಿ ಕಬ್ಬಿಣದ ಅದಿರಿಗೆ ಇದ್ದಿಲು ಮಾಡುವ ಕೆಲಸವೇ ಇದು. ಇನ್ನೊಂದು ಲಾಭ, ವೇಗವರ್ಧಕ ಹಳತಾದ ಮೇಲೆ ಇಂಗಾಲವನ್ನು ಸುಟ್ಟರೆ ನಿಕ್ಕಲ್ ವಾಪಸ್ ಸಿಗುತ್ತದೆ. ಅಲ್ಯುಮಿನಾದಿಂದ ಬಿಡಿಸಿ ತೆಗೆಯುವುದು ಇಷ್ಟು ಸುಲಭವಲ್ಲ.

ಶಾಖದ ವಿಷಯವನ್ನೂ ಹೇಳಬೇಕು. 1 ಕೆಜಿ ಮೀಥೇನ್ ಆಗುವಾಗ ಹೊರಬರುವ ಶಾಖ ಸುಮಾರು 4 ಲೀಟರ್ ನೀರನ್ನು ಪೂರ್ತಿ ಆವಿ ಮಾಡುವಷ್ಟು. ಅದು ಒಂದೇ ಕಡೆ ನಿಂತರೆ ಆ ಜಾಗ ಕಾದು, ನಿಕ್ಕಲ್ ಕಣಗಳು ಒಂದಕ್ಕೊಂದು ಅಂಟಿ ದಪ್ಪಗಾಗುತ್ತವೆ. ದಪ್ಪಗಾದರೆ ಮೇಲ್ಮೈ ಕಡಿಮೆ, ಕೆಲಸವೂ ಕಡಿಮೆ. ಗ್ರಾಫೈಟ್ ಜಾತಿಯ ಇಂಗಾಲ, ಇಂಗಾಲದ ನ್ಯಾನೋ ಕೊಳವೆ, ಇಂಗಾಲದ ನಾರಿನ ಹಾಸು ಇವೆಲ್ಲ ಶಾಖವನ್ನು ಬೇಗ ಹರಡುತ್ತವೆ. ಇಲ್ಲಿ ಎಚ್ಚರ ಬೇಕು. ಗೆರಟೆಯ ಆಕ್ಟಿವೇಟೆಡ್ ಕಾರ್ಬನ್‌ಗೆ ಈ ಗುಣ ಇಲ್ಲ, ಅದು ಶಾಖವನ್ನು ಅಷ್ಟು ಚೆನ್ನಾಗಿ ದಾಟಿಸುವುದಿಲ್ಲ. "ಇಂಗಾಲ" ಅನ್ನುವ ಒಂದೇ ಹೆಸರಿನಲ್ಲಿ ಬೇರೆ ಬೇರೆ ಗುಣದ ವಸ್ತುಗಳು ಇವೆ. ಒಂದರ ಹೊಗಳಿಕೆಯನ್ನು ಇನ್ನೊಂದಕ್ಕೆ ಹಚ್ಚುವುದನ್ನು ಬಹಳ ಕಡೆ ನೋಡಿದ್ದೇನೆ.

ಇನ್ನು ಇಂಗಾಲದ ಆಧಾರದ ತೊಂದರೆಗಳು. ಮೊದಲನೆಯದು, ಇದ್ದಿಲಿನ ಮೇಲ್ಮೈ ತುಂಬ ತಟಸ್ಥ. ಇಂಗಾಲದ ಡೈಆಕ್ಸೈಡ್ ಸ್ವಲ್ಪ ಆಮ್ಲೀಯ ಅನಿಲ, ಅದಕ್ಕೆ ಪ್ರತ್ಯಾಮ್ಲೀಯ ಜಾಗ ಸಿಕ್ಕಿದರೆ ಅಂಟುತ್ತದೆ. ಬರೀ ಇದ್ದಿಲಿನಲ್ಲಿ ಅಂಥ ಜಾಗ ಕಡಿಮೆ. ಅದಕ್ಕೇ ಸಂಶೋಧಕರು ಇಂಗಾಲದ ಜಾಲದೊಳಗೆ ನೈಟ್ರೋಜನ್ ಪರಮಾಣು ಸೇರಿಸುತ್ತಾರೆ, ಅಥವಾ ಸೀರಿಯಂ ಆಕ್ಸೈಡ್ ಬೆರೆಸುತ್ತಾರೆ. ನೈಟ್ರೋಜನ್ ಎರಡು ಕೆಲಸ ಮಾಡುತ್ತದೆ. ಅನಿಲವನ್ನು ಹಿಡಿದಿಡುತ್ತದೆ, ನಿಕ್ಕಲ್ ಕಣ ಜಾರದಂತೆ ಗೂಟದ ಹಾಗೆ ನಿಲ್ಲುತ್ತದೆ. ಗೆರಟೆಯಲ್ಲಿ ಸಹಜವಾಗಿ ಇರುವ ಪೊಟ್ಯಾಸಿಯಂ ಮಾತ್ರ ಕಿರಿಕಿರಿ. ಅದು ಜಾಸ್ತಿಯಾದರೆ ನಿಕ್ಕಲ್ ಮೀಥೇನ್ ಬಿಟ್ಟು ಕಾರ್ಬನ್ ಮೋನಾಕ್ಸೈಡ್ ಕಡೆ ವಾಲುತ್ತದೆ. ಹಾಗಾಗಿ ಇದ್ದಿಲನ್ನು ಆಮ್ಲದಲ್ಲಿ ತೊಳೆದುಕೊಳ್ಳಬೇಕು.

ಎರಡನೆಯದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಮೀಥೇನ್ ಅಂದರೆ ಇಂಗಾಲ ಮತ್ತು ಹೈಡ್ರೋಜನ್. ಆಧಾರವೇ ಇಂಗಾಲ. ಸುತ್ತ ಹೈಡ್ರೋಜನ್ ತುಂಬಿದೆ, ನಡುವೆ ನಿಕ್ಕಲ್ ಕೂತಿದೆ. ಬಿಸಿ ಏರಿದರೆ ನಿಕ್ಕಲ್ ತಾನು ಕೂತ ಕೊಂಬೆಯನ್ನೇ ತಿನ್ನತೊಡಗುತ್ತದೆ. ಆಧಾರದ ಇಂಗಾಲವೇ ಹೈಡ್ರೋಜನ್ ಜೊತೆ ಸೇರಿ ಮೀಥೇನ್ ಆಗಿ ಹೋಗುತ್ತದೆ. ಯಂತ್ರ ನೋಡಿದರೆ ಮೀಥೇನ್ ಬಂತು ಅಂತಲೇ ತೋರಿಸುತ್ತದೆ! ಅದು ನಾವು ಹಾಯಿಸಿದ ಡೈಆಕ್ಸೈಡಿನಿಂದ ಬಂದದ್ದೋ, ಗೆರಟೆಯ ಇದ್ದಿಲು ಸವೆದು ಬಂದದ್ದೋ, ಹೇಗೆ ಗೊತ್ತಾಗಬೇಕು?

ಗೊತ್ತುಮಾಡಲು ದಾರಿ ಉಂಟು. ಡೈಆಕ್ಸೈಡ್ ಹಾಕದೆ ಬರೀ ಹೈಡ್ರೋಜನ್ ಹಾಯಿಸಿ ನೋಡಬೇಕು. ಆಗಲೂ ಮೀಥೇನ್ ಬಂದರೆ ಅದು ಆಧಾರದ್ದೇ. ಇನ್ನೂ ಖಚಿತವಾಗಿ ಬೇಕಾದರೆ ಇಂಗಾಲ-13 ಇರುವ ಡೈಆಕ್ಸೈಡ್ ಬಳಸಬೇಕು. ಸಾಮಾನ್ಯ ಇಂಗಾಲದ ತೂಕ 12, ಇದರದ್ದು 13. ಹೊರಬಂದ ಮೀಥೇನಿನ ತೂಕ ಅಳೆದರೆ 16 ಬಂತೋ, 17 ಬಂತೋ ಅನ್ನುವುದರಲ್ಲೇ ಉತ್ತರ ಸಿಗುತ್ತದೆ. ತರಗತಿಯಲ್ಲಿ ಐಸೋಟೋಪ್ ಪಾಠ ಮಾಡುವಾಗ ನಾನು ಈಗ ಇದನ್ನೇ ಉದಾಹರಣೆ ಕೊಡುತ್ತೇನೆ. ಮಕ್ಕಳ ಕಣ್ಣು ಅರಳುತ್ತದೆ. ಇಂಗಾಲದ ಆಧಾರದ ವೇಗವರ್ಧಕದ ಬಗ್ಗೆ ಯಾರೇ ಯಾವ ದೊಡ್ಡ ಮಾತು ಹೇಳಿದರೂ, ಈ ಪರೀಕ್ಷೆ ಮಾಡಿದ್ದಾರಾ ಅಂತ ನಾನು ಮೊದಲು ನೋಡುತ್ತೇನೆ. ಎಷ್ಟು ಗಂಟೆ ಓಡಿಸಿದ್ದಾರೆ ಅಂತ ಆಮೇಲೆ ನೋಡುತ್ತೇನೆ. 350 ಡಿಗ್ರಿಯ ಒಳಗೇ ಚುರುಕಾಗಿ ಕೆಲಸ ಮಾಡುವ ಪುಡಿ ಬೇಕು ಅನ್ನುವ ಹಟ ಇದಕ್ಕೇ.

ಮೂರನೆಯದು ವಿಷ. ತೀರಾ ತಣ್ಣಗಾದರೂ ಅಪಾಯ. ಸುಮಾರು 200 ಡಿಗ್ರಿಗಿಂತ ಕೆಳಗೆ ನಿಕ್ಕಲ್ ಮತ್ತು ಕಾರ್ಬನ್ ಮೋನಾಕ್ಸೈಡ್ ಸೇರಿ ನಿಕ್ಕಲ್ ಕಾರ್ಬೊನಿಲ್ ಆಗಬಹುದು. ಅದು ಭಯಂಕರ ವಿಷದ ಅನಿಲ. ಘಟಕವನ್ನು ಆರಂಭಿಸುವಾಗ, ನಿಲ್ಲಿಸುವಾಗ ಈ ಭಯ ಜಾಸ್ತಿ. ಬಿಸಿಲಿನ ವಿದ್ಯುತ್ತಿನಿಂದ ನಡೆಸುವ ಘಟಕ ಆದರೆ ದಿನಾ ಆರಂಭ, ದಿನಾ ನಿಲುಗಡೆ ಅಲ್ವಾ? ಹಿತ್ತಲಲ್ಲಿ ಇಟ್ಟುಕೊಳ್ಳುವ ಸಾಮಾನು ಇದಲ್ಲ. ಗಂಧಕವೂ ನಿಕ್ಕಲ್ಲಿಗೆ ಆಗಿಬರುವುದಿಲ್ಲ. ಒಮ್ಮೆ ಅಂಟಿದರೆ ಬಿಡುವುದಿಲ್ಲ, ವೇಗವರ್ಧಕ ಸತ್ತ ಹಾಗೆ.

ಈಗ ಮಾವನ ಚಿಮಣಿಗೆ ಬರೋಣ. ಎಲ್ಲೂರಿನ ಸ್ಥಾವರ 1200 ಮೆಗಾವಾಟಿನದ್ದು, ಹೊರದೇಶದ ಕಲ್ಲಿದ್ದಲಿನಿಂದ ನಡೆಯುತ್ತದೆ. ಕಲ್ಲಿದ್ದಲಿನ ಸ್ಥಾವರದಿಂದ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 0.9 ಕೆಜಿ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಪೂರ್ಣ ಸಾಮರ್ಥ್ಯದಲ್ಲಿ ಓಡಿದರೆ ಗಂಟೆಗೆ ಸುಮಾರು 1000 ಟನ್. ಅಷ್ಟನ್ನೂ ಮೀಥೇನ್ ಮಾಡಬೇಕಾದರೆ ಗಂಟೆಗೆ 180 ಟನ್ ಹೈಡ್ರೋಜನ್ ಬೇಕು. ನೀರನ್ನು ವಿದ್ಯುತ್ತಿನಿಂದ ಒಡೆದು 1 ಕೆಜಿ ಹೈಡ್ರೋಜನ್ ಪಡೆಯಲು 50ರಿಂದ 55 ಯೂನಿಟ್ ಖರ್ಚಾಗುತ್ತದೆ. ಗುಣಿಸಿ ನೋಡಿ. 9000 ಮೆಗಾವಾಟಿಗೂ ಹೆಚ್ಚು ವಿದ್ಯುತ್ ಬೇಕು. ಸ್ಥಾವರ ಕೊಡುವುದರ ಏಳೆಂಟು ಪಟ್ಟು. ಅಷ್ಟು ಹಸಿರು ವಿದ್ಯುತ್ ನಮ್ಮಲ್ಲಿ ಇದ್ದರೆ ಕಲ್ಲಿದ್ದಲನ್ನು ಉರಿಸುವ ಅಗತ್ಯವೇ ಇರುವುದಿಲ್ಲ.

"ಹೈಡ್ರೋಜನ್ ರಿಫೈನರಿಯಲ್ಲಿ ಮಾಡ್ತಾರಲ್ಲ, ಅಲ್ಲಿಂದ ತರುದು" ಅಂತ ಮಾವ ಹೇಳಿದರು. ಒಳ್ಳೆಯ ಪ್ರಶ್ನೆ. ರಿಫೈನರಿಗಳಲ್ಲಿ, ಗೊಬ್ಬರ ಕಾರ್ಖಾನೆಗಳಲ್ಲಿ ಹೈಡ್ರೋಜನ್ ಸಿಗುವುದು ಹೆಚ್ಚಾಗಿ ನೈಸರ್ಗಿಕ ಅನಿಲದಿಂದ, ಅಂದರೆ ಮೀಥೇನಿನಿಂದಲೇ. 800 ಡಿಗ್ರಿ ದಾಟಿದ ಬಿಸಿಯಲ್ಲಿ ಮೀಥೇನಿಗೆ ನೀರಿನ ಹಬೆ ಸೇರಿಸಿ ಹೈಡ್ರೋಜನ್ ತೆಗೆಯುತ್ತಾರೆ, ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ. ಅಲ್ಲೂ ವೇಗವರ್ಧಕ ನಿಕ್ಕಲ್ಲೇ! ಒಂದೇ ಕ್ರಿಯೆ, ಬಿಸಿ ಜಾಸ್ತಿಯಾದರೆ ಆ ಕಡೆ, ಕಡಿಮೆಯಾದರೆ ಈ ಕಡೆ. ಮೀಥೇನ್ ಒಡೆದು ಹೈಡ್ರೋಜನ್ ಮಾಡಿ, ಅದರಿಂದ ಮತ್ತೆ ಮೀಥೇನ್ ಮಾಡಿದರೆ ಬಾವಿಯಿಂದ ನೀರು ಸೇದಿ ಅದೇ ಬಾವಿಗೆ ಸುರಿದ ಹಾಗೆ. ನಡುವೆ ಚೆಲ್ಲಿದ್ದಷ್ಟೇ ನಷ್ಟ.

ಅಡುಗೆಮನೆಯ ಲೆಕ್ಕವನ್ನೂ ಮಾಡಿ ತೋರಿಸುತ್ತೇನೆ. 14.2 ಕೆಜಿಯ ಸಿಲಿಂಡರಿನಲ್ಲಿ ಇರುವಷ್ಟು ಶಾಖಕ್ಕೆ ಸುಮಾರು 13 ಕೆಜಿ ಮೀಥೇನ್ ಬೇಕು. ಅದಕ್ಕೆ ಆರೂವರೆ ಕೆಜಿ ಹೈಡ್ರೋಜನ್. ಅದಕ್ಕೆ 340 ಯೂನಿಟಿನ ಆಸುಪಾಸು ವಿದ್ಯುತ್. ಅದೇ ಅಡುಗೆಯನ್ನು ಇಂಡಕ್ಷನ್ ಒಲೆಯಲ್ಲಿ ಮಾಡಿದರೆ ಸುಮಾರು 130 ಯೂನಿಟ್ ಸಾಕು. ಮೆಸ್ಕಾಂ ಬಿಲ್ ಕಟ್ಟುವ ಯಾರಿಗಾದರೂ ಇದು ಅರ್ಥವಾಗುತ್ತದೆ. ಅನ್ನ ಬೇಯಿಸಲಿಕ್ಕಾಗಿ ಮೀಥೇನ್ ಮಾಡುವುದು ನನ್ನ ಪ್ರಕಾರ ಸರಿಯಾದ ದಾರಿ ಅಲ್ಲ.

ಇನ್ನೂ ಒಂದು ಮಾತು. ಕಲ್ಲಿದ್ದಲಿನ ಹೊಗೆಯಿಂದ ಮಾಡಿದ ಮೀಥೇನ್ ಉರಿಸಿದ ಕೂಡಲೇ ಆ ಡೈಆಕ್ಸೈಡ್ ಮತ್ತೆ ಗಾಳಿಗೇ ಹೋಗುತ್ತದೆ. ನೆಲದೊಳಗಿದ್ದ ಇಂಗಾಲ ಒಂದು ಸುತ್ತು ತಡವಾಗಿ ಆಕಾಶ ಸೇರಿತು, ಅಷ್ಟೇ. ಸೋರಿದರಂತೂ ಕಷ್ಟ. ಮೀಥೇನ್ ಭೂಮಿಯನ್ನು ಬಿಸಿ ಮಾಡುವುದರಲ್ಲಿ 100 ವರ್ಷದ ಲೆಕ್ಕಕ್ಕೆ ಡೈಆಕ್ಸೈಡಿನ ಸುಮಾರು 28 ಪಟ್ಟು, 20 ವರ್ಷದ ಲೆಕ್ಕಕ್ಕೆ ಸುಮಾರು 80 ಪಟ್ಟು. 20 ವರ್ಷದ ಲೆಕ್ಕ ಹಿಡಿದರೆ, ತಯಾರಿಸಿದ 100 ಕೆಜಿಯಲ್ಲಿ ಮೂರೂವರೆ ಕೆಜಿ ಸೋರಿದರೂ ಹಿಡಿದ ಡೈಆಕ್ಸೈಡಿನ ಲಾಭ ಪೂರ್ತಿ ಹೋಗಿಬಿಡುತ್ತದೆ.

ಹಾಗಂತ ಇದನ್ನು ಬಿಟ್ಟುಬಿಡಬೇಕಾ? ಇಲ್ಲ. ಜಾಗ ಬದಲಿಸಬೇಕು. ಚಿಮಣಿಯ ಬುಡದಿಂದ ಎದ್ದು ಗೋಬರ್ ಗ್ಯಾಸಿನ ಹತ್ತಿರ ಬರಬೇಕು.

ಬಯೋಗ್ಯಾಸಿನಲ್ಲಿ ಸುಮಾರು 60 ಭಾಗ ಮೀಥೇನ್, 40 ಭಾಗ ಇಂಗಾಲದ ಡೈಆಕ್ಸೈಡ್ ಇರುತ್ತದೆ. ಕಲ್ಲಿದ್ದಲಿನ ಹೊಗೆಯಲ್ಲಿ ಡೈಆಕ್ಸೈಡ್ 12ರಿಂದ 15 ಭಾಗ ಮಾತ್ರ, ಉಳಿದದ್ದು ಹೆಚ್ಚಾಗಿ ನೈಟ್ರೋಜನ್. ಅದನ್ನು ಬೇರ್ಪಡಿಸುವುದೇ ದೊಡ್ಡ ಖರ್ಚು. ಬಯೋಗ್ಯಾಸನ್ನು ಬೇರ್ಪಡಿಸುವ ಅಗತ್ಯವೂ ಇಲ್ಲ, ಇದ್ದ ಹಾಗೇ ಹೈಡ್ರೋಜನ್ ಸೇರಿಸಬಹುದು. ಅದರ ಇಂಗಾಲ ಹುಲ್ಲಿನದ್ದು, ಸೊಪ್ಪಿನದ್ದು, ಊಟದ ಎಲೆಯದ್ದು. ಮೊನ್ನೆ ಗಾಳಿಯಲ್ಲಿ ಇದ್ದದ್ದೇ ನಾಳೆ ಗಾಳಿಗೆ ಹೋಗುತ್ತದೆ, ಹೊಸದಾಗಿ ಸೇರುವುದಿಲ್ಲ. 100 ಘನಮೀಟರ್ ಬಯೋಗ್ಯಾಸಿಗೆ 160 ಘನಮೀಟರ್ ಹೈಡ್ರೋಜನ್ ಕೊಟ್ಟರೆ, 60 ಇದ್ದ ಮೀಥೇನ್ 100ರ ಹತ್ತಿರ ಬರುತ್ತದೆ. ಅದೇ ಸಗಣಿ, ಅದೇ ಎಂಜಲು, ಮೂರರಲ್ಲಿ ಎರಡು ಪಾಲಿನಷ್ಟು ಹೆಚ್ಚು ಗ್ಯಾಸ್. ವಿದ್ಯುತ್ ಮಾತ್ರ 750 ಯೂನಿಟ್ ಬೇಕು. ಬಯೋಗ್ಯಾಸಿನ ಗಂಧಕವನ್ನು ಮೊದಲೇ ತೆಗೆಯಬೇಕು, ಅದಕ್ಕೆ ಬಳಸುವುದೂ ಆಕ್ಟಿವೇಟೆಡ್ ಕಾರ್ಬನ್ನೇ. ಅಂದರೆ ಗೆರಟೆಗೆ ಎರಡು ಕಡೆ ಕೆಲಸ.

ಇದು ಬರೀ ಕಾಗದದ ಕನಸಲ್ಲ. ಜರ್ಮನಿಯ ವೆರ್ಲ್ಟೆ ಎಂಬ ಊರಿನಲ್ಲಿ ಕಾರು ಕಂಪನಿ ಔಡಿ 2013ರಲ್ಲಿ 6 ಮೆಗಾವಾಟಿನ ಘಟಕ ಆರಂಭಿಸಿತು. ಡೈಆಕ್ಸೈಡ್ ಬಂದದ್ದು ಪಕ್ಕದ ಬಯೋಗ್ಯಾಸ್ ಘಟಕದಿಂದ, ಹೈಡ್ರೋಜನ್ ಗಾಳಿಯಂತ್ರಗಳ ಹೆಚ್ಚುವರಿ ವಿದ್ಯುತ್ತಿನಿಂದ.

ನಮ್ಮಲ್ಲೂ ಕೆಲವು ಅನುಕೂಲ ಕೂಡಿ ಬಂದಿವೆ. ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರ್ ಅನಿಲ ಕೊಳವೆ 2021ರ ಜನವರಿ 5ರಂದು ಉದ್ಘಾಟನೆ ಆಯಿತು. ಮಂಗಳೂರಿನ ಮನೆಗಳಿಗೆ ಕೊಳವೆ ಗ್ಯಾಸ್ ಬಂದಿದೆ, ಸಿಎನ್‌ಜಿ ರಿಕ್ಷಾ ಓಡುತ್ತಿವೆ. ಆ ಕೊಳವೆಯಲ್ಲಿ ಇರುವುದು ಮೀಥೇನ್. ಸೆಗಣಿಯಿಂದ ಬಂದ ಮೀಥೇನಿಗೂ ಅದಕ್ಕೂ ಒಲೆಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಹಸಿರು ಹೈಡ್ರೋಜನ್ ಮಿಷನ್‌ಗೆ 19,744 ಕೋಟಿ ರೂಪಾಯಿ ಒಪ್ಪಿತು, 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ಗುರಿ. ನಗರ ಅನಿಲ ಕಂಪನಿಗಳು ಬಯೋಗ್ಯಾಸ್ ಬೆರೆಸಲೇಬೇಕು ಎಂಬ ನಿಯಮ 2025-26ರಲ್ಲಿ 1 ಶೇಕಡದಿಂದ ಶುರುವಾಗಿ 2028-29ಕ್ಕೆ 5 ಶೇಕಡಕ್ಕೆ ಏರುತ್ತದೆ. ಮಳೆಗಾಲದಲ್ಲಿ ಗಾಳಿಯ ವಿದ್ಯುತ್ತೂ ಹೊಳೆಯ ವಿದ್ಯುತ್ತೂ ಜಾಸ್ತಿ, ಬೇಸಿಗೆಗೆ ಕಡಿಮೆ. ತಿಂಗಳುಗಟ್ಟಲೆ ಶಕ್ತಿ ಕೂಡಿಡಲು ಬ್ಯಾಟರಿ ದುಬಾರಿ. ಗ್ಯಾಸ್ ಆಗಿ ಕೂಡಿಡುವುದಕ್ಕೆ ಅಲ್ಲಿ ಅರ್ಥವಿದೆ. ತುಂಬ ಬಿಸಿ ಬೇಕಾದ, ವಿದ್ಯುತ್ತಿಗೆ ಬದಲಾಗಲು ಕಷ್ಟವಾದ ಕುಲುಮೆಗಳಿಗೂ ಇದು ಒದಗಬಹುದು.

ನೀರಿನ ಚಿಂತೆಯೂ ಇದೆ. ಏಪ್ರಿಲ್, ಮೇಯಲ್ಲಿ ತುಂಬೆ ಅಣೆಕಟ್ಟಿನ ಮಟ್ಟ ನೋಡಿ ನಗರಕ್ಕೆ ನೀರು ಬಿಡುವ ಊರು ನಮ್ಮದು. 1 ಕೆಜಿ ಹೈಡ್ರೋಜನ್‌ಗೆ 9 ಲೀಟರ್ ಶುದ್ಧ ನೀರು ಬೇಕೇ ಬೇಕು. ಸಮಾಧಾನ ಎಂದರೆ ಮೀಥೇನ್ ಆಗುವಾಗ ಅದರ ಅರ್ಧ ನೀರು ವಾಪಸ್ ಸಿಗುತ್ತದೆ, ಅದನ್ನೇ ಮತ್ತೆ ಒಡೆಯಬಹುದು.

ಕೊನೆಗೆ ಮಾವ ಕೇಳಿದರು, "ನಮ್ಮ ಹಟ್ಟಿಯ ಹತ್ತಿರ ಒಂದು ಗೋಬರ್ ಗ್ಯಾಸ್ ಗುಂಡಿ ಉಂಟಲ್ಲ, ಅದಕ್ಕೆ ಮಾಡ್ಲಿಕ್ಕೆ ಆಗ್ತದಾ?" ಎರಡು ದನದ ಗುಂಡಿಗೆ ಆಗುವುದಿಲ್ಲ ಅಂದೆ. ಹೈಡ್ರೋಜನ್, 300 ಡಿಗ್ರಿ ಬಿಸಿ, ವಿಷದ ಅನಿಲದ ಕಾವಲು ಇವೆಲ್ಲ ಹಟ್ಟಿಯ ಹತ್ತಿರ ನಡೆಯುವ ಕೆಲಸವಲ್ಲ. ಒಂದು ನಗರದ ಹಸಿಕಸವೆಲ್ಲ ಸೇರುವ ಘಟಕ, ಒಂದು ದೊಡ್ಡ ಡೈರಿ, ಅಷ್ಟು ದೊಡ್ಡದಾದರೆ ಯೋಚಿಸಬಹುದು.

"ಹಾಗಾದ್ರೆ ಗೆರಟೆ ಬಿಸಾಡುದು ಬೇಡ" ಅಂದರು. ಈಗ ಅವರ ಮನೆಯ ಹಿಂದೆ, ಸೌದೆ ಕೊಟ್ಟಿಗೆಯಲ್ಲಿ, ನಾಲ್ಕು ಗೋಣಿ ತುಂಬಿ ಇಟ್ಟಿದ್ದಾರೆ.